ಎಷ್ಟು ಎಂಎಂ ಅಂತ ಕೇಳೋ ಮುಂಚೆ: ಮನೆಗೆ ಗಾಜು ಆರಿಸುವ ಲೆಕ್ಕ

ಗಾಜಿನ ಅಂಗಡಿಗೆ ಹೋದರೆ ಮೊದಲು ಕೇಳೋದೇ 'ಎಷ್ಟು ಎಂಎಂ ಬೇಕು?' ಅಂತ. ದಪ್ಪ ಇದ್ದಷ್ಟೂ ಗಟ್ಟಿ ಅಂದುಕೊಂಡು ನಾವೂ ಐದೋ ಎಂಟೋ ಹೇಳಿ ಬರ್ತೀವಿ. ಕಳೆದ ರಜೆಯಲ್ಲಿ ನಮ್ಮ ಗೆಳೆಯನೊಬ್ಬನ ಹೊಸ ಮನೆಯಲ್ಲಿ ಬಾತ್‌ರೂಮಿನ ಗಾಜಿನ ಬಾಗಿಲು ಗೋಡೆಗೆ ಬಡಿದು ಒಡೆಯಿತು. ಚೂರುಗಳು ಕತ್ತಿಯ ಹಾಗೆ ಉದ್ದುದ್ದ. ಅವನ ತಂಗಿಯ ಮುಂಗೈಗೆ ಹನ್ನೊಂದು ಹೊಲಿಗೆ ಬಿತ್ತು. ಗಾಜು 8 ಎಂಎಂ, ಸಾಕಷ್ಟು ದಪ್ಪವೇ. ಆದರೆ ಸಾದಾ ಗಾಜು. ಆಮೇಲೆ ನಾವು ಮೆಕ್ಯಾನಿಕಲ್, ಸಿವಿಲ್‌ನ ನಾಲ್ಕೈದು ಜನ ಕೂತು ಓದಿ ತಿಳಿದುಕೊಂಡದ್ದು ಇಲ್ಲಿದೆ.

ಎಲ್ಲ ಗಾಜೂ ಒಂದಲ್ಲ ಒಂದು ದಿನ ಒಡೆಯುತ್ತೆ ಅಂತಲೇ ಇಟ್ಟುಕೊಳ್ಳೋಣ. ಆಗ ಕೇಳಬೇಕಾದ ಪ್ರಶ್ನೆ: ಒಡೆದರೆ ಹೇಗೆ ಒಡೆಯುತ್ತೆ, ಒಡೆದಾಗ ಅಲ್ಲಿ ಯಾರಿರುತ್ತಾರೆ? ಕಾರನ್ನೇ ನೋಡಿ. ಪಕ್ಕದ ಗಾಜು ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಪುಡಿ. ಮುಂದಿನ ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟರೂ ಅಲ್ಲೇ ನಿಂತಿರುತ್ತೆ. ಮೊದಲನೆಯದು ಟಫನ್ಡ್, ಎರಡನೆಯದು ಲ್ಯಾಮಿನೇಟೆಡ್. ಮನೆಗೂ ಇವೆರಡೇ ಮುಖ್ಯ, ಸಾದಾ ಗಾಜಿನ ಜೊತೆಗೆ.

ಸಾದಾ ಗಾಜನ್ನು ನಿಧಾನವಾಗಿ ತಣಿಸಿರುತ್ತಾರೆ. ಟಫನ್ಡ್ ಮಾಡಬೇಕಾದರೆ ಅದೇ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ತಣ್ಣಗಾಗಿ ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಮೇಲ್ಮೈ ಒತ್ತಡದಲ್ಲೂ ನಡುಭಾಗ ಎಳೆತದಲ್ಲೂ ಉಳಿದುಬಿಡುತ್ತವೆ. ಗಾಜು ಒಡೆಯೋದು ಸಾಮಾನ್ಯವಾಗಿ ಮೇಲ್ಮೈಯ ಸಣ್ಣ ಗೀರು ಎಳೆತಕ್ಕೆ ಬಾಯಿ ಬಿಟ್ಟಾಗ. ಇಲ್ಲಿ ಆ ಒತ್ತಡವನ್ನು ಮೀರದೆ ಗೀರು ತೆರೆಯುವುದೇ ಇಲ್ಲ. ಸಿವಿಲ್‌ನವರಿಗೆ ಒಂದೇ ಮಾತು ಸಾಕು: ಪ್ರೀಸ್ಟ್ರೆಸ್ಡ್ ಕಾಂಕ್ರೀಟ್. ಶಕ್ತಿ ಸಾದಾ ಗಾಜಿನ ನಾಲ್ಕೈದು ಪಟ್ಟು. ಒಡೆದಾಗ ಒಳಗೆ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಸಣ್ಣ ಸಣ್ಣ ಚೂರಾಗುತ್ತೆ.

ಇದೇ ಕಾರಣಕ್ಕೆ ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸೋಕೂ ಆಗಲ್ಲ, ತೂತು ಕೊರೆಯೋಕೂ ಆಗಲ್ಲ. ಅಳತೆ, ಹಿಂಜಿನ ತೂತು, ಹಿಡಿಕೆಯ ತೂತು ಎಲ್ಲ ಕುಲುಮೆಗೆ ಹೋಗುವ ಮುಂಚೆಯೇ ಆಗಿರಬೇಕು. 'ಟಫನ್ಡೇ ಸಾರ್, ಈಗಲೇ ಕತ್ತರಿಸಿ ಕೊಡ್ತೀನಿ' ಅಂದರೆ ಅದು ಟಫನ್ಡ್ ಅಲ್ಲ.

ನಮಗೂ ಗೊತ್ತಿಲ್ಲದಿದ್ದ ಒಂದು ವಿಷಯ: ಟಫನ್ಡ್ ಮಾಡಿದರೆ ಶಕ್ತಿ ಹೆಚ್ಚುತ್ತೆ, ಬಿಗಿತ ಹೆಚ್ಚಲ್ಲ. ಯಂಗ್ಸ್ ಮಾಡ್ಯುಲಸ್ ಎರಡಕ್ಕೂ ಸುಮಾರು 70 ಗಿಗಾಪಾಸ್ಕಲ್. ಗಾಳಿಗೆ ಬಾಗಬಾರದು ಅಂದರೆ ದಪ್ಪವೇ ಬೇಕು, ಅದೂ ದಪ್ಪದ ಘನದ ಲೆಕ್ಕದಲ್ಲಿ ಕೆಲಸ ಮಾಡುತ್ತೆ. ಆದರೆ ದಪ್ಪಕ್ಕೆ ತೂಕವಿದೆ. ಒಂದು ಚದರ ಮೀಟರಿಗೆ ಪ್ರತಿ ಎಂಎಂಗೆ 2.5 ಕಿಲೋ. 2 ಮೀಟರ್ ಎತ್ತರ, 75 ಸೆಂಟಿಮೀಟರ್ ಅಗಲದ 10 ಎಂಎಂ ಬಾಗಿಲು 37.5 ಕಿಲೋ ತೂಗುತ್ತೆ. ಹಿಂಜು ಅಷ್ಟನ್ನು ಹೊರಬೇಕಲ್ಲ!

ಲ್ಯಾಮಿನೇಟೆಡ್ ಅಂದರೆ ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಒಂದು ಪದರ 0.38 ಎಂಎಂ, ಬೇಕಾದಷ್ಟು ಸೇರಿಸುತ್ತಾರೆ. ಗಾಜು ಒಡೆದರೂ ಚೂರು ಪದರಕ್ಕೆ ಅಂಟಿಕೊಂಡಿರುತ್ತೆ. ತಲೆಯ ಮೇಲಿನ ಬೆಳಕಿಂಡಿಗೆ, ಬಾಲ್ಕನಿ ಮತ್ತು ಮೆಟ್ಟಿಲಿನ ರೇಲಿಂಗಿಗೆ ಇದೇ ಬೇಕು. ರೇಲಿಂಗಿಗೆ ಬರೀ ಒಂಟಿ ಟಫನ್ಡ್ ಹಾಕಿದರೆ ಒಡೆದ ಕ್ಷಣ ಅಲ್ಲಿ ಏನೂ ಉಳಿಯಲ್ಲ. ಟಫನ್ಡ್ ಗಾಜು ಯಾರೂ ಮುಟ್ಟದೆಯೂ ಸಿಡಿಯಬಹುದು: ಒಳಗೆ ಸಿಕ್ಕಿಕೊಂಡ ನಿಕಲ್ ಸಲ್ಫೈಡ್ ಕಣ ವರ್ಷಗಳು ಕಳೆದ ಮೇಲೂ ಹಿಗ್ಗಬಲ್ಲದು. ಇದು ಅಪರೂಪ, ಆದರೆ ಎರಡನೇ ಮಹಡಿಯ ಅಂಚಿನಲ್ಲಿ ಮಗುವಿದ್ದರೆ ಅಪರೂಪವೂ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ರೇಲಿಂಗಿಗೆ ಎರಡು ಟಫನ್ಡ್ ಗಾಜು ಸೇರಿಸಿ ಮಾಡಿದ ಲ್ಯಾಮಿನೇಟೆಡ್ ಒಳ್ಳೆಯದು. ಖರ್ಚು ಜಾಸ್ತಿ, ನಿಜ. ಆ ದುಡ್ಡನ್ನು ಕಿಟಕಿಯಲ್ಲಿ ಉಳಿಸಬಹುದು. ನಮ್ಮ ಮನೆಗಳ ಕಿಟಕಿಗೆ ಹೇಗೂ ಕಬ್ಬಿಣದ ಗ್ರಿಲ್ ಇರುತ್ತೆ. ಸೊಂಟದ ಮೇಲಿನ ಸಣ್ಣ ಕಿಟಕಿಗೆ 4 ಅಥವಾ 5 ಎಂಎಂ ಸಾದಾ ಗಾಜು ಸಾಕು. ನೆಲದವರೆಗೆ ಇಳಿಯುವ ದೊಡ್ಡ ಗಾಜಿಗೆ, ಗಾಜಿನ ಬಾಗಿಲಿಗೆ, ಸ್ನಾನದ ಜಾಗದ ಅಡ್ಡಗಾಜಿಗೆ ಮಾತ್ರ ಸಾದಾ ಬೇಡವೇ ಬೇಡ.

ಬಿಸಿಲಿನ ಮಾತು. ಡಬಲ್ ಗ್ಲಾಸ್ ಹಾಕಿದರೆ ಮನೆ ತಂಪು ಅಂತ ಹೇಳ್ತಾರೆ. ಅದು ತಡೆಯೋದು ಮುಖ್ಯವಾಗಿ ಒಳಗಿನ ಹೊರಗಿನ ತಾಪಮಾನದ ವ್ಯತ್ಯಾಸದಿಂದ ಹರಿಯುವ ಶಾಖವನ್ನು. ಬೆಂಗಳೂರಿನಲ್ಲಿ ಕಿಟಕಿ ತೆರೆದಿಟ್ಟು ಬದುಕುವವರಿಗೆ ಆ ವ್ಯತ್ಯಾಸವೇ ಕಡಿಮೆ. ತೊಂದರೆ ಕೊಡೋದು ಪಶ್ಚಿಮದ ನೇರ ಬಿಸಿಲು. ತಿಳಿಗಾಜು ಅದರ ಶಾಖದಲ್ಲಿ ಸುಮಾರು ಶೇ. 80ರಷ್ಟನ್ನು ಒಳಗೆ ಬಿಡುತ್ತೆ. ಅಗಲವಾದ ಸಜ್ಜಾ, ಹೊರಗಡೆ ಒಂದು ಬಿದಿರಿನ ಚಿಕ್ಕು ಇದಕ್ಕೆ ಅಗ್ಗದ ಮದ್ದು. ಕಲಬುರಗಿ, ರಾಯಚೂರಿನ ಕಡೆ ಇಡೀ ದಿನ ಎಸಿ ಓಡಿಸುವ ಮನೆಗಾದರೆ ಬಿಸಿಲು ತಡೆಯುವ ಲೇಪನವಿರುವ ಡಬಲ್ ಗ್ಲಾಸಿಗೆ ಅರ್ಥವಿದೆ. ಕಡುಬಣ್ಣದ ಗಾಜು ಹಾಕಿಸೋರು ಒಂದು ಗಮನಿಸಿ: ಅದು ಶಾಖ ಹೀರಿ ನಡುವೆ ಕಾಯುತ್ತೆ, ಫ್ರೇಮಿನೊಳಗಿನ ಅಂಚು ತಣ್ಣಗಿರುತ್ತೆ, ಸಾದಾ ಗಾಜಾದರೆ ಅಂಚಿನಿಂದ ಬಿರುಕು ಬಿಡಬಹುದು.

ಕೊಂಡ ಮೇಲೆ ಪರೀಕ್ಷೆ ಹೇಗೆ? ಮೊದಲು ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಹುಡುಕಿ. ಸುರಕ್ಷಾ ಗಾಜಿನ ಭಾರತೀಯ ಮಾನಕ ಐಎಸ್ 2553. ಎರಡನೆಯದು ನಮಗೆ ಇಷ್ಟವಾದ ಉಪಾಯ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹಗಲು ಬೆಳಕಿನಲ್ಲಿ ಓರೆಯಾಗಿ ನೋಡಿದರೆ ಟಫನ್ಡ್ ಗಾಜಿನಲ್ಲಿ ಮಸುಕಾದ ಚುಕ್ಕೆ, ಪಟ್ಟಿ ಕಾಣುತ್ತವೆ. ಅವು ಗಾಳಿ ಊದಿದ ಗುರುತು. ಲ್ಯಾಮಿನೇಟೆಡ್ ಆದರೆ ತೆರೆದ ಅಂಚಿನಲ್ಲಿ ಪದರದ ಗೆರೆ ಕಾಣುತ್ತೆ.

ಗೆಳೆಯನ ಮನೆಯ ಹೊಸ ಬಾಗಿಲನ್ನು ಹಾಗೆ ನೋಡಿದೆವು, ಪಟ್ಟಿ ಕಂಡವು. ಇಳಿದು ಬರುವಾಗ ಮೆಟ್ಟಿಲಿನ ರೇಲಿಂಗ್ ಗಾಜನ್ನೂ ನೋಡಿದೆವು. ಚುಕ್ಕೆ ಇಲ್ಲ, ಮೂಲೆಯಲ್ಲಿ ಮುದ್ರೆ ಇಲ್ಲ, ಅಂಚಿನಲ್ಲಿ ಗೆರೆಯೂ ಇಲ್ಲ. ಅವರಪ್ಪ ಅವತ್ತೇ ಅಳತೆ ತೆಗೆಸಿದರು.