ದುಡ್ಡು ಕೊಡುವ ಕ್ಲಿನಿಕಲ್ ಟ್ರಯಲ್: ಮೈಸೂರಿನಂಥ ಊರಲ್ಲಿ ಹುಡುಕೋದು ಹೇಗೆ, ಸೇರುವ ಮುನ್ನ ಓದೋದು ಏನು?

ಎಕ್ಸಾಮ್ ಫೀಸ್ ಕಟ್ಟುವ ತಿಂಗಳು ಬಂದರೆ ಸಾಕು, ಹಾಸ್ಟೆಲ್ ಗ್ರೂಪುಗಳಲ್ಲಿ ಒಂದು ಬಗೆಯ ಮೆಸೇಜು ಓಡಾಡೋಕೆ ಶುರುವಾಗುತ್ತೆ. "ಎರಡು ವೀಕೆಂಡ್ ಬೆಂಗಳೂರಲ್ಲಿ ಇರಬೇಕು, ಊಟ ವಸತಿ ಫ್ರೀ, ಮಾತ್ರೆ ತಗೊಂಡು ರಕ್ತ ಕೊಟ್ಟರೆ ಆಯ್ತು, ಕೈಗೆ ದುಡ್ಡು" ಅಂತ. ಕೆಳಗೆ ಒಂದು ಫೋನ್ ನಂಬರು. ಕಂಪನಿ ಹೆಸರಿಲ್ಲ, ಔಷಧದ ಹೆಸರಿಲ್ಲ. ಒಬ್ಬ "ಇದು ಮೋಸ" ಅಂತಾನೆ, ಇನ್ನೊಬ್ಬ "ನಮ್ಮ ಸೀನಿಯರ್ ಹೋಗಿ ಬಂದಿದ್ದಾನೆ, ಏನೂ ಆಗಲ್ಲ" ಅಂತಾನೆ. ಇಬ್ಬರ ಹತ್ತಿರವೂ ದಾಖಲೆ ಇರೋದಿಲ್ಲ. ಹಾಗಾಗಿ ಈ ಸಂಚಿಕೆಯ ಪಾಠಕ್ಕೆ ನಾವು ಇದನ್ನೇ ಆರಿಸಿಕೊಂಡೆವು. ಹೋಗಿ ಅಂತಲೂ ನಾವು ಹೇಳೋದಿಲ್ಲ, ಹೋಗಬೇಡಿ ಅಂತಲೂ ಹೇಳೋದಿಲ್ಲ. ನಿಜವಾದ ಟ್ರಯಲ್ ಎಲ್ಲಿ ಸಿಗುತ್ತೆ, ಅದು ನಿಜವೋ ಅಲ್ಲವೋ ಅಂತ ಹತ್ತು ನಿಮಿಷದಲ್ಲಿ ನೋಡೋದು ಹೇಗೆ, ಸಹಿ ಹಾಕುವ ಮುನ್ನ ಏನು ಕೇಳಬೇಕು, ಇಷ್ಟನ್ನು ಒಂದೊಂದಾಗಿ ನೋಡೋಣ.

1. ಟ್ರಯಲ್‌ಗಳಲ್ಲಿ ಎರಡು ಬಗೆ

ಎಲ್ಲ ಕ್ಲಿನಿಕಲ್ ಟ್ರಯಲ್‌ಗಳೂ ಒಂದೇ ಅಲ್ಲ. ನಮ್ಮ ಕೆಲಸಕ್ಕೆ ಎರಡಾಗಿ ಭಾಗ ಮಾಡಿಕೊಂಡರೆ ಸಾಕು.

ಮೊದಲನೆಯದು ಕಾಯಿಲೆ ಇರುವವರಿಗೆ ನಡೆಯುವ ಟ್ರಯಲ್. ಸಕ್ಕರೆ ಕಾಯಿಲೆ, ಅಸ್ತಮಾ, ಕ್ಯಾನ್ಸರ್, ಚರ್ಮರೋಗ ಹೀಗೆ. 2, 3, 4ನೇ ಹಂತದ ಟ್ರಯಲ್‌ಗಳು ಬಹುತೇಕ ಇಂಥವು. ಇಲ್ಲಿ ಔಷಧ, ಪರೀಕ್ಷೆ ಉಚಿತವಾಗಿರುತ್ತೆ, ಓಡಾಟದ ಖರ್ಚು ಕೊಡ್ತಾರೆ. ಸಂಪಾದನೆ ಅನ್ನುವಂಥದ್ದು ಇರೋದಿಲ್ಲ.

ಎರಡನೆಯದು ಆರೋಗ್ಯವಂತರ ಮೇಲೆ ನಡೆಯುವ ಸ್ಟಡಿ. ಹೊಸ ಔಷಧದ 1ನೇ ಹಂತ ಇದರಲ್ಲಿ ಒಂದು. ಇನ್ನೊಂದು, ನಮ್ಮ ಗ್ರೂಪುಗಳಿಗೆ ಹೆಚ್ಚಾಗಿ ಬರುವಂಥದ್ದು, ಬಯೋಈಕ್ವಿವಲೆನ್ಸ್ ಸ್ಟಡಿ. ಬಾಯಿಮಾತಲ್ಲಿ ಬಿಇ ಸ್ಟಡಿ ಅಂತಾರೆ. ಒಂದು ಕಂಪನಿ ಈಗಾಗಲೇ ಮಾರುಕಟ್ಟೆಯಲ್ಲಿರುವ ಮಾತ್ರೆಯ ಜೆನೆರಿಕ್ ರೂಪ ಮಾಡಿದೆ ಅಂದುಕೊಳ್ಳಿ. ಹಳೆಯ ಮಾತ್ರೆ ರಕ್ತಕ್ಕೆ ಎಷ್ಟು, ಎಷ್ಟು ಬೇಗ ಸೇರುತ್ತೋ ಹೊಸದೂ ಹಾಗೇ ಸೇರುತ್ತಾ ಅಂತ ತೋರಿಸಬೇಕು. ಅದಕ್ಕೆ ಒಬ್ಬನೇ ವ್ಯಕ್ತಿಗೆ ಒಂದು ಸಲ ಹಳೆಯದು, ಕೆಲವು ದಿನ ಬಿಟ್ಟು ಹೊಸದು ಕೊಟ್ಟು, ಗಂಟೆ ಗಂಟೆಗೆ ರಕ್ತ ತೆಗೆದು ಗ್ರಾಫ್ ಹಾಕ್ತಾರೆ. ಗ್ರಾಫಿನ ತುದಿಯ ಎತ್ತರ ಮತ್ತು ಕೆಳಗಿನ ವಿಸ್ತೀರ್ಣ, ಎರಡರ ಅನುಪಾತವೂ 80ರಿಂದ 125 ಪರ್ಸೆಂಟ್ ಒಳಗೆ ಬರಬೇಕು. ಅದೂ ಬರೀ ಸರಾಸರಿಯಲ್ಲಿ ಅಲ್ಲ, 90 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್ ಪೂರ್ತಿ ಆ ಗಡಿಯೊಳಗೆ ಇರಬೇಕು. ಮೂರನೇ ಸೆಮಿಸ್ಟರಿನ ಮ್ಯಾಥ್ಸ್ ಇಲ್ಲಿ ಕೆಲಸಕ್ಕೆ ಬಂತು ನೋಡಿ.

2. ನಮ್ಮಂಥ ಊರಲ್ಲಿ ಏನು ಸಿಗುತ್ತೆ?

ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಇಂಥ ಊರುಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ. ಹಾಗಾಗಿ ಇಲ್ಲಿ ನಡೆಯುವುದು ಹೆಚ್ಚಾಗಿ ಮೊದಲ ಬಗೆಯದು, ಅಂದರೆ ರೋಗಿಗಳ ಟ್ರಯಲ್. ಅದರ ಜತೆಗೆ ಪಿಜಿ ಓದುವ ಡಾಕ್ಟರುಗಳ ಥೀಸಿಸ್ ಸ್ಟಡಿಗಳು ಬಹಳ. ಅವುಗಳಲ್ಲಿ ಸೇರಿದವರಿಗೆ ದುಡ್ಡು ಸಿಗೋದು ಅಪರೂಪ.

ಆರೋಗ್ಯವಂತರನ್ನು ಒಳಗೆ ಇರಿಸಿಕೊಂಡು ಬಿಇ ಸ್ಟಡಿ ಮಾಡಲು ಬೇರೆಯೇ ವ್ಯವಸ್ಥೆ ಬೇಕು. ಸಾಲಾಗಿ ಹಾಸಿಗೆ, ಐಸಿಯು ಸೌಲಭ್ಯ, ರಕ್ತದ ಸ್ಯಾಂಪಲ್ ಅಳೆಯುವ ಲ್ಯಾಬ್. ಅಂಥ ಕೇಂದ್ರಗಳು ಬೆಂಗಳೂರು, ಹೈದರಾಬಾದ್, ಚೆನ್ನೈ, ಅಹಮದಾಬಾದ್ ಕಡೆ ಹೆಚ್ಚು. ಆದ್ದರಿಂದ "ಮೈಸೂರಲ್ಲೇ ಇದ್ದು ಟ್ರಯಲ್‌ನಿಂದ ಪಾಕೆಟ್ ಮನಿ" ಅನ್ನೋ ಲೆಕ್ಕ ಸಾಮಾನ್ಯವಾಗಿ ಕೂಡಿಬರೋದಿಲ್ಲ. ಬೆಂಗಳೂರಿಗೆ ಹೋಗೋದಾದರೆ ಸ್ಕ್ರೀನಿಂಗಿಗೆ ಒಂದು ಸಲ, ಎರಡು ಪೀರಿಯಡ್‌ಗೆ ಎರಡು ಸಲ, ಕೊನೆಯ ತಪಾಸಣೆಗೆ ಮತ್ತೊಂದು ಸಲ ಅಂತ ಓಡಾಟ ಬೀಳಬಹುದು. ಬಸ್ ಚಾರ್ಜು, ತಪ್ಪಿದ ಲ್ಯಾಬ್, ಕಮ್ಮಿಯಾದ ಅಟೆಂಡೆನ್ಸು ಎಲ್ಲ ಕಳೆದು ಉಳಿಯೋದು ಎಷ್ಟು ಅಂತ ಮೊದಲೇ ಬರೆದು ನೋಡಿ.

ಇದಕ್ಕೆ ಹೊರತಾದ ಉದಾಹರಣೆಗಳೂ ಇವೆ. 2020ರಲ್ಲಿ ಕೊರೋನಾ ಲಸಿಕೆಗಳ ಟ್ರಯಲ್ ನಡೆದಾಗ ಆರೋಗ್ಯವಂತ ವಯಸ್ಕರೇ ಬೇಕಾಗಿದ್ದರು. ಕೋವಿಶೀಲ್ಡ್ ಟ್ರಯಲ್‌ನ ಕೇಂದ್ರಗಳಲ್ಲಿ ಮೈಸೂರಿನ ಜೆಎಸ್‌ಎಸ್ ಒಂದಾಗಿತ್ತು, ಕೋವ್ಯಾಕ್ಸಿನ್‌ಗೆ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆ ಒಂದು ಕೇಂದ್ರವಾಗಿತ್ತು. ಅಂದರೆ ಲಸಿಕೆ ಟ್ರಯಲ್ ಬಂದಾಗ ಮಧ್ಯಮ ಗಾತ್ರದ ಊರಿಗೂ ಅವಕಾಶ ಬರುತ್ತೆ.

3. ಹುಡುಕುವ ಜಾಗ ಒಂದೇ: ಸಿಟಿಆರ್‌ಐ

ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ, ಚಿಕ್ಕದಾಗಿ ಸಿಟಿಆರ್‌ಐ. ಐಸಿಎಂಆರ್ ನಡೆಸುವ ಸಾರ್ವಜನಿಕ ದಾಖಲೆ ಇದು. 2007ರಲ್ಲಿ ಶುರುವಾಯ್ತು. 2009ರ ಜೂನ್‌ನಿಂದ ಔಷಧ ಟ್ರಯಲ್‌ಗಳಿಗೆ ನೋಂದಣಿ ಕಡ್ಡಾಯ. 2018ರ ಏಪ್ರಿಲ್‌ನಿಂದ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಣಿ ಆಗಿರಬೇಕು. ನೋಡಲು ಲಾಗಿನ್ ಬೇಡ, ದುಡ್ಡು ಬೇಡ.

ಹುಡುಕುವಾಗ ಮೂರು ಸಣ್ಣ ಉಪಾಯ.

ಊರಿನ ಹೆಸರನ್ನು ಎರಡೂ ಸ್ಪೆಲಿಂಗಿನಲ್ಲಿ ಹಾಕಿ. ಮೈಸೂರಿನ ಇಂಗ್ಲಿಷ್ ಸ್ಪೆಲಿಂಗ್ 2014ರಲ್ಲಿ ಬದಲಾದರೂ ಎಷ್ಟೋ ಕಡೆ ಹಳೆಯದೇ ಉಳಿದಿದೆ. ಬೆಳಗಾವಿ, ಹುಬ್ಬಳ್ಳಿ, ಮಂಗಳೂರಿಗೂ ಇದೇ ಮಾತು.

ಕಾಯಿಲೆಯ ಹೆಸರಿನ ಜಾಗದಲ್ಲಿ "ಹೆಲ್ತಿ ಹ್ಯೂಮನ್ ವಾಲಂಟಿಯರ್ಸ್" ಅಂತ ಇಂಗ್ಲಿಷಿನಲ್ಲಿ ಹುಡುಕಿ. ಆರೋಗ್ಯವಂತರ ಸ್ಟಡಿಗಳು ಹೀಗೇ ದಾಖಲಾಗಿರುತ್ತವೆ.

"ರಿಕ್ರೂಟ್‌ಮೆಂಟ್ ಸ್ಟೇಟಸ್" ಎಂಬ ಸಾಲು ನೋಡಿ. ಮುಗಿದುಹೋದ ಸ್ಟಡಿಗಳೂ ಪಟ್ಟಿಯಲ್ಲಿ ಹಾಗೇ ಇರುತ್ತವೆ. ಅದನ್ನು ನೋಡದೆ ಫೋನ್ ಮಾಡಿದರೆ ಸಮಯ ದಂಡ.

ಗ್ರೂಪಿಗೆ ಬಂದ ಮೆಸೇಜನ್ನು ಪರೀಕ್ಷಿಸೋಕೂ ಇದೇ ದಾರಿ. "ನಿಮ್ಮ ಸ್ಟಡಿಯ ಸಿಟಿಆರ್‌ಐ ನಂಬರ್ ಕೊಡಿ" ಅಂತ ಕೇಳಿ. ನಂಬರಿನಲ್ಲಿ ಸಿಟಿಆರ್‌ಐ ಅಂತ ಇದ್ದು, ಆಮೇಲೆ ವರ್ಷ, ತಿಂಗಳು, ಕ್ರಮಸಂಖ್ಯೆ ಇರುತ್ತೆ. ನಂಬರ್ ಕೊಟ್ಟರೆ ತೆರೆದು ನೋಡಿ. ಕೊಡದೆ "ಬನ್ನಿ, ಬಂದ ಮೇಲೆ ಹೇಳ್ತೀವಿ" ಅಂದರೆ ಮಾತು ಅಲ್ಲಿಗೇ ಮುಗಿಸಿ. ನೋಂದಣಿ ಫೀಸು, ಡೆಪಾಸಿಟ್ಟು, ಕಮಿಷನ್ ಅಂತ ನಿಮ್ಮಿಂದಲೇ ದುಡ್ಡು ಕೇಳಿದರಂತೂ ಯೋಚನೆಯೇ ಬೇಡ. ಟ್ರಯಲ್ ಸೇರುವವರು ಯಾರಿಗೂ ಏನೂ ಕೊಡಬೇಕಾಗಿಲ್ಲ.

4. ದಾಖಲೆಯಲ್ಲಿ ಓದಬೇಕಾದ ಐದು ಸಾಲು

ಸಿಟಿಆರ್‌ಐ ಪುಟ ಉದ್ದ ಇರುತ್ತೆ. ಎಲ್ಲ ಓದೋಕೆ ಬೇಸರ ಆದರೆ ಇಷ್ಟನ್ನಾದರೂ ಓದಿ.

ಸ್ಪಾನ್ಸರ್: ಖರ್ಚು ಹಾಕುತ್ತಿರುವುದು ಯಾರು, ಔಷಧ ಕಂಪನಿಯೋ, ಕಾಲೇಜೋ, ಸರ್ಕಾರವೋ.

ಫೇಸ್: 1ನೇ ಹಂತ ಅಂದರೆ ಆ ಔಷಧವನ್ನು ಮನುಷ್ಯರಿಗೆ ಕೊಟ್ಟ ಅನುಭವ ಬಹಳ ಕಡಿಮೆ ಇರಬಹುದು ಎಂದರ್ಥ. ಬಿಇ ಸ್ಟಡಿಯಲ್ಲಿ ಸಾಮಾನ್ಯವಾಗಿ ಔಷಧ ಹಳೆಯದೇ, ತಯಾರಿಕೆ ಮಾತ್ರ ಹೊಸದು.

ಇನ್‌ಕ್ಲೂಷನ್, ಎಕ್ಸ್‌ಕ್ಲೂಷನ್: ಯಾರನ್ನು ತಗೊಳ್ತಾರೆ, ಯಾರನ್ನು ಬಿಡ್ತಾರೆ. ಬಿಇ ಸ್ಟಡಿಗಳಲ್ಲಿ ಸಾಮಾನ್ಯವಾಗಿ 18ರಿಂದ 45 ವಯಸ್ಸು, ಇಂತಿಷ್ಟು ಬಿಎಂಐ, ಸಿಗರೇಟು ಕುಡಿತ ಇಲ್ಲ, ಇತ್ತೀಚೆಗೆ ರಕ್ತದಾನ ಮಾಡಿಲ್ಲ ಅಂತ ಇರುತ್ತೆ.

ಎಥಿಕ್ಸ್ ಕಮಿಟಿ: ಒಪ್ಪಿಗೆ ಸಿಕ್ಕಿದೆಯೇ, ಯಾವ ಕಮಿಟಿ. 2019ರ ನಿಯಮದ ಪ್ರಕಾರ ಆಸ್ಪತ್ರೆಗೆ ಸ್ವಂತ ಕಮಿಟಿ ಇಲ್ಲದಿದ್ದರೆ ಅದೇ ಊರಿನ ಅಥವಾ 50 ಕಿ.ಮೀ. ಒಳಗಿನ ಬೇರೆ ಕಮಿಟಿಯ ಒಪ್ಪಿಗೆ ಪಡೆಯಬಹುದು.

ಡಿಸಿಜಿಐ ಅನುಮತಿ: ಬೇಕಾಗಿದೆಯೇ, ಸಿಕ್ಕಿದೆಯೇ.

5. ದುಡ್ಡು ಯಾತಕ್ಕೆ ಕೊಡ್ತಾರೆ?

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅಪಾಯ ಜಾಸ್ತಿ ಇದ್ದರೆ ದುಡ್ಡು ಜಾಸ್ತಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೊಡೋದು ನಿಮ್ಮ ಸಮಯ, ಓಡಾಟ, ತೊಂದರೆಗೆ. ಎಷ್ಟು ಅಂತ ಎಥಿಕ್ಸ್ ಕಮಿಟಿ ಮೊದಲೇ ನೋಡಿ ಒಪ್ಪಬೇಕು. ದುಡ್ಡಿನ ಆಸೆಗೆ ಕಣ್ಣುಮುಚ್ಚಿ ಬರುವಷ್ಟು ಮೊತ್ತ ಇರಬಾರದು ಅನ್ನೋದು ತತ್ವ. ಪೂರ್ತಿ ಮುಗಿಸಿದರೆ ಮಾತ್ರ ದುಡ್ಡು, ಮಧ್ಯೆ ಬಿಟ್ಟರೆ ಸೊನ್ನೆ ಅನ್ನುವ ಷರತ್ತೂ ಸರಿಯಲ್ಲ. ಎಷ್ಟು ದಿನ ಭಾಗವಹಿಸಿದರೋ ಅದಕ್ಕೆ ತಕ್ಕಂತೆ ಕೊಡಬೇಕು ಅನ್ನುತ್ತೆ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ ಮಾರ್ಗಸೂಚಿ.

ಮೊತ್ತ ನೋಡಿ ಅಪಾಯ ಅಳೆಯೋಕಾಗಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಸಾಕು. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಟಿಜಿಎನ್1412 ಎಂಬ ಹೊಸ ಔಷಧವನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಎಂಟು ಮಂದಿ ಆರೋಗ್ಯವಂತ ಯುವಕರು, ಆರು ಜನಕ್ಕೆ ಔಷಧ, ಇಬ್ಬರಿಗೆ ಪ್ಲಾಸಿಬೊ. ತಲಾ 2,000 ಪೌಂಡ್ ಗೊತ್ತಾಗಿತ್ತು. ಪ್ರಾಣಿಗಳಲ್ಲಿ ಸುರಕ್ಷಿತ ಎನಿಸಿದ್ದ ಪ್ರಮಾಣದ 500ನೇ ಒಂದು ಭಾಗ ಮಾತ್ರ ಕೊಟ್ಟಿದ್ದರು. ಆದರೂ ಔಷಧ ಪಡೆದ ಆರೂ ಜನ ಐಸಿಯು ಸೇರಿದರು. ಜೀವ ಉಳಿಯಿತು, ಆದರೆ ಒಬ್ಬರು ಬೆರಳುಗಳನ್ನು ಕಳೆದುಕೊಂಡರು. ಒಬ್ಬರಿಗೆ ಕೊಟ್ಟು ಕಾದು ನೋಡದೆ, ಕೆಲವೇ ನಿಮಿಷಗಳ ಅಂತರದಲ್ಲಿ ಎಲ್ಲರಿಗೂ ಕೊಟ್ಟಿದ್ದೇ ದೊಡ್ಡ ಲೋಪ ಅಂತ ಆಮೇಲೆ ಚರ್ಚೆಯಾಯಿತು. ಅಂದಿನಿಂದ ಇಂಥ ಸ್ಟಡಿಗಳಲ್ಲಿ ಮೊದಲು ಒಬ್ಬರಿಗೆ ಕೊಟ್ಟು ಕಾಯುವ ಪದ್ಧತಿ ಗಟ್ಟಿಯಾಯಿತು. ಇಂಥ ಘಟನೆ ತೀರಾ ಅಪರೂಪ. ಆದರೂ "ಒಂದೇ ದಿನ ಎಷ್ಟು ಜನಕ್ಕೆ ಕೊಡ್ತೀರಿ?" ಅನ್ನೋದು ಕೇಳಲೇಬೇಕಾದ ಪ್ರಶ್ನೆ ಅನ್ನೋದಂತೂ ಇದರಿಂದ ಗೊತ್ತಾಗುತ್ತೆ.

6. ಒಂದಾದ ಮೇಲೊಂದು ಟ್ರಯಲ್ ಯಾಕೆ ಬೇಡ?

ಕೆಪಾಸಿಟರ್ ಡಿಸ್ಚಾರ್ಜ್ ಆಗೋದನ್ನ ನೆನಪು ಮಾಡಿಕೊಳ್ಳಿ. ಬಹುತೇಕ ಔಷಧಗಳು ದೇಹದಿಂದ ಖಾಲಿಯಾಗೋದೂ ಅದೇ ಎಕ್ಸ್‌ಪೊನೆನ್ಷಿಯಲ್ ಗೆರೆಯಲ್ಲಿ. ಒಂದು ಅರ್ಧಾಯು ಕಳೆದರೆ ಅರ್ಧ ಉಳಿಯುತ್ತೆ, ಐದು ಅರ್ಧಾಯು ಕಳೆದರೆ 32ರಲ್ಲಿ ಒಂದು ಭಾಗ, ಅಂದರೆ ಸುಮಾರು 3 ಪರ್ಸೆಂಟ್. ಅದಕ್ಕೇ ಬಿಇ ಸ್ಟಡಿಯ ಎರಡು ಪೀರಿಯಡ್ ನಡುವೆ ಕನಿಷ್ಠ ಐದು ಅರ್ಧಾಯು ಬಿಡ್ತಾರೆ.

ಇದು ಒಂದೇ ಸ್ಟಡಿಯೊಳಗಿನ ಲೆಕ್ಕ. ಬೇರೆ ಬೇರೆ ಸ್ಟಡಿಗಳ ನಡುವೆ ತಿಂಗಳುಗಳ ಅಂತರ ಕೇಳ್ತಾರೆ, ಸಾಮಾನ್ಯವಾಗಿ ಮೂರು ತಿಂಗಳು. ಔಷಧದ ಜತೆಗೆ ರಕ್ತದ ಲೆಕ್ಕವೂ ಇದೆ. ರಕ್ತದಾನದಲ್ಲಿ ಒಂದು ಸಲಕ್ಕೆ 350 ಎಂಎಲ್ ಕೊಟ್ಟರೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಒಂದು ಬಿಇ ಸ್ಟಡಿಯಲ್ಲಿ ಒಟ್ಟು ಎಷ್ಟು ಎಂಎಲ್ ತೆಗೀತಾರೆ ಅಂತ ಒಪ್ಪಿಗೆ ಪತ್ರದಲ್ಲಿ ಇರುತ್ತೆ, ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಸುಳ್ಳು ಹೇಳಿ ಎರಡು ಕಡೆ ಸೇರಿದರೆ ನಿಮ್ಮ ದೇಹಕ್ಕೂ ತೊಂದರೆ, ನಾಳೆ ಆ ಮಾತ್ರೆ ನುಂಗುವ ಯಾರದೋ ಅಪ್ಪ ಅಮ್ಮನಿಗೂ ತೊಂದರೆ. ಡೇಟಾ ಕೆಟ್ಟರೆ ಮಾತ್ರೆಯ ಬಗ್ಗೆ ಬರುವ ತೀರ್ಮಾನವೂ ಕೆಡುತ್ತೆ.

7. ಏನಾದರೂ ಆದರೆ?

2019ರ ಮಾರ್ಚ್‌ನಲ್ಲಿ ಬಂದ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್ ಇದನ್ನು ಸ್ಪಷ್ಟವಾಗಿ ಹೇಳುತ್ತೆ. ಟ್ರಯಲ್ ಸಮಯದಲ್ಲಿ ತೊಂದರೆಯಾದರೆ, ಅಗತ್ಯ ಇರುವವರೆಗೆ ಅಥವಾ ಅದಕ್ಕೂ ಟ್ರಯಲ್‌ಗೂ ಸಂಬಂಧವಿಲ್ಲ ಅಂತ ತೀರ್ಮಾನವಾಗುವವರೆಗೆ ಉಚಿತ ಚಿಕಿತ್ಸೆ ಕೊಡಬೇಕು. ಟ್ರಯಲ್‌ನಿಂದಲೇ ಆಗಿದ್ದರೆ ಪರಿಹಾರವನ್ನೂ ಕೊಡಬೇಕು. ಬಿಇ ಸ್ಟಡಿಗಳಿಗೂ ಇದು ಅನ್ವಯ.

ಸಾವಿನ ಪರಿಹಾರಕ್ಕೆ ಒಂದು ಸೂತ್ರವೇ ಇದೆ: ಪರಿಹಾರ = ಬಿ × ಎಫ್ × ಆರ್ ÷ 99.37. ಇಲ್ಲಿ ಬಿ ಅಂದರೆ ಮೂಲ ಮೊತ್ತ 8 ಲಕ್ಷ ರೂ. ಎಫ್ ವಯಸ್ಸಿನ ಅಂಶ, 20 ವರ್ಷಕ್ಕೆ 224. ಆರ್ ಅಂದರೆ ರಿಸ್ಕ್ ಅಂಶ, ತೀವ್ರ ಕಾಯಿಲೆಯವರಿಗೆ 0.5, ಆರೋಗ್ಯವಂತರಿಗೆ 4. ಹಾಕಿ ನೋಡಿ: 20 ವರ್ಷದ ಆರೋಗ್ಯವಂತರಿಗೆ ಸುಮಾರು 72 ಲಕ್ಷ ರೂ. ಬರುತ್ತೆ. ಈ ಅಂಕಿ ನೋಡಿ ಯಾರೂ ಖುಷಿಪಡೋದಿಲ್ಲ ಅಂತ ನಮಗೆ ಗೊತ್ತು. ಆದರೂ ಯಾಕೆ ಬರೆದೆವು ಅಂದರೆ, "ಸ್ವಂತ ಜವಾಬ್ದಾರಿಯ ಮೇಲೆ ಬಂದಿದ್ದೀನಿ" ಅಂತ ಯಾರಾದರೂ ಬರೆಸಿಕೊಳ್ಳೋಕೆ ಬಂದರೆ ಅದು ಕಾನೂನಲ್ಲ ಅಂತ ನಿಮಗೆ ಗೊತ್ತಿರಬೇಕು.

8. ಸಹಿ ಹಾಕುವ ಮುನ್ನ

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ಬೇಕು ಅಂತ ಕೇಳೋಕೆ ಸಂಕೋಚ ಬೇಡ, ಇದು ಹಕ್ಕು. ಮನೆಗೆ ತಗೊಂಡು ಹೋಗಿ ಓದ್ತೀನಿ ಅನ್ನಿ. ಆಮೇಲೆ ಇವನ್ನು ಕೇಳಿ:

ಔಷಧ ಯಾವುದು, ಈವರೆಗೆ ಮನುಷ್ಯರಿಗೆ ಕೊಟ್ಟಿದ್ದಾರಾ? ಒಟ್ಟು ಎಷ್ಟು ದಿನ, ಎಷ್ಟು ಸಲ ರಕ್ತ, ಎಷ್ಟು ಎಂಎಲ್? ಮಧ್ಯೆ ಬಿಟ್ಟರೆ ಎಷ್ಟು ಕೊಡ್ತೀರಿ? ಸ್ಕ್ರೀನಿಂಗಿನಲ್ಲಿ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿದರೆ ರಿಪೋರ್ಟ್ ಯಾರು ನೋಡ್ತಾರೆ? ರಾತ್ರಿ ಎರಡು ಗಂಟೆಗೆ ಹಾಸ್ಟೆಲ್‌ನಲ್ಲಿ ವಾಂತಿಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಯಾವುದು?

ಸಹಿ ಹಾಕಿದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಗೆ ಬರಬಹುದು. ಮನೆಯವರಿಗೆ ಹೇಳಿಲ್ಲದಿದ್ದರೆ ರೂಮ್‌ಮೇಟ್‌ಗಾದರೂ ಸಿಟಿಆರ್‌ಐ ನಂಬರು, ಕೇಂದ್ರದ ವಿಳಾಸ ಕೊಟ್ಟು ಹೋಗಿ.

9. ಊರಲ್ಲಿರುವ ಅಜ್ಜಿಗಾಗಿ

ಕೊನೆಯದಾಗಿ ಒಂದು ಮಾತು. ನಮ್ಮಂಥ ಊರಲ್ಲಿ ಸಿಟಿಆರ್‌ಐ ಹೆಚ್ಚು ಉಪಯೋಗಕ್ಕೆ ಬರೋದು ನಮ್ಮ ಮನೆಯ ರೋಗಿಗಳಿಗೆ. ಅಜ್ಜಿಯ ಸಂಧಿವಾತಕ್ಕೋ ಅಪ್ಪನ ಸಕ್ಕರೆ ಕಾಯಿಲೆಗೋ ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಟ್ರಯಲ್ ನಡೀತಿರಬಹುದು. ಆದರೆ ಅವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು: ಚಿಕಿತ್ಸೆ ಬೇರೆ, ಪ್ರಯೋಗ ಬೇರೆ. ಯಾವ ಗುಂಪಿಗೆ ಬೀಳ್ತಾರೆ ಅಂತ ಡಾಕ್ಟರು ಆರಿಸೋದಿಲ್ಲ, ಚೀಟಿ ಎತ್ತಿದ ಹಾಗೆ. ಸಿಗೋದು ಪ್ಲಾಸಿಬೊ ಕೂಡ ಆಗಿರಬಹುದು. "ದೊಡ್ಡ ಡಾಕ್ಟರು ಫ್ರೀ ಔಷಧಿ ಕೊಡ್ತಾರೆ" ಅಂತ ನಂಬಿ ಹೆಬ್ಬೆಟ್ಟು ಒತ್ತುವ ಮುನ್ನ ಪಕ್ಕದಲ್ಲಿ ಕೂತು ಆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವವರು ಒಬ್ಬರು ಬೇಕು. ಆ ಕೆಲಸ ನಮ್ಮಿಂದ ಆಗುತ್ತೆ.

ಇವತ್ತೇ ಒಮ್ಮೆ ಸಿಟಿಆರ್‌ಐ ತೆರೆದು ನಿಮ್ಮ ಊರಿನ ಹೆಸರು ಹಾಕಿ ನೋಡಿ. ಗ್ರೂಪಿಗೆ ಮುಂದಿನ ಸಲ ಆ ಬಗೆಯ ಮೆಸೇಜು ಬಂದಾಗ "ನಂಬರ್ ಕೊಡಿ" ಅಂತ ಮೊದಲು ಕೇಳುವವರು ನಮ್ಮ ಕನ್ನಡ ಸಂಘದವರಾಗಿರಲಿ.