ಮುಂದಿನ ಹೊಡೆತದ ಲೆಕ್ಕ: ಪಂಕಜ್ ಅಡ್ವಾಣಿಯವರ ವೃತ್ತಿಜೀವನದಿಂದ ಸಣ್ಣ ಉದ್ದಿಮೆಗೆ ಪಾಠ

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಮಾಹಿತಿ ತಂತ್ರಜ್ಞಾನ ಕಂಪನಿಗಳ ವಿರಾಮ ಕೊಠಡಿಗಳಲ್ಲಿ ಪೂಲ್ ಆಟದ ಮೇಜು ಈಗ ಸಾಮಾನ್ಯ ದೃಶ್ಯವಾಗಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ಅಂತಹ ಮೇಜಿಗೆ ಸ್ಥಳವೂ ಇಲ್ಲ, ಸಮಯವೂ ಇಲ್ಲ. ಆದರೂ ಆ ಮೇಜಿನ ಮೇಲಿನ ಆಟದಿಂದ ಹೆಚ್ಚು ಕಲಿಯಬಹುದಾದವರು ಪೀಣ್ಯದ ಸಣ್ಣ ಉದ್ಯಮಿಗಳೇ. ಕಡಿಮೆ ಸಾಧನ, ಸೀಮಿತ ಅವಕಾಶ, ತಪ್ಪಿದರೆ ಸರದಿಯೇ ಎದುರಾಳಿಗೆ ಹೋಗುವ ಸ್ಥಿತಿ: ಇವು ಆ ಆಟಕ್ಕೂ ಸಣ್ಣ ಉದ್ದಿಮೆಗೂ ಸಮಾನವಾದ ಲಕ್ಷಣಗಳು.

ಕ್ಯೂ ಎಂಬ ಕೋಲಿನಿಂದ ಆಡುವ ಆಟಗಳಲ್ಲಿ ಮೂರು ಮುಖ್ಯವಾದವು. ಪೂಲ್ ಆಟಕ್ಕೆ ಮೇಜು ಚಿಕ್ಕದು, ಚೆಂಡುಗಳು ದೊಡ್ಡವು. ಸ್ನೂಕರ್‌ನಲ್ಲಿ 12 ಅಡಿ ಉದ್ದದ ಮೇಜಿನ ಮೇಲೆ 22 ಚೆಂಡುಗಳಿರುತ್ತವೆ. ಬಿಲಿಯರ್ಡ್ಸ್‌ನಲ್ಲಿ ಅದೇ ಅಳತೆಯ ಮೇಜಿನ ಮೇಲೆ ಕೇವಲ ಮೂರು ಚೆಂಡುಗಳು. ಈ ಕ್ಷೇತ್ರದಲ್ಲಿ ಜಗತ್ತಿನ ಅಗ್ರಗಣ್ಯರ ಸಾಲಿಗೆ ಸೇರಿದ ಪಂಕಜ್ ಅಡ್ವಾಣಿಯವರು ಬೆಂಗಳೂರಿನಲ್ಲಿಯೇ ಬೆಳೆದು, ಇಲ್ಲಿಯೇ ಆಟವನ್ನು ಕಲಿತವರು. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ಸೇರಿ 2024ರ ನವೆಂಬರ್ ವೇಳೆಗೆ ಅವರು ಗಳಿಸಿದ ವಿಶ್ವ ಪ್ರಶಸ್ತಿಗಳ ಸಂಖ್ಯೆ 28. ಅವರ ವೃತ್ತಿಜೀವನವನ್ನು ವ್ಯಾಪಾರದ ದೃಷ್ಟಿಯಿಂದ ಅಭ್ಯಸಿಸಿದರೆ ದೊರೆಯುವ ಮುಖ್ಯ ಪಾಠ ಒಂದೇ: ಯಾವುದೇ ಹೊಡೆತದ ಬೆಲೆಯನ್ನು ಅದರಿಂದ ಬಂದ ಅಂಕದಿಂದ ಮಾತ್ರ ಅಳೆಯಬಾರದು, ಅದು ಮುಗಿದ ಮೇಲೆ ಆಟಗಾರನು ಯಾವ ಸ್ಥಿತಿಯಲ್ಲಿ ಉಳಿಯುತ್ತಾನೆ ಎಂಬುದರಿಂದ ಅಳೆಯಬೇಕು.

ಬೆಳೆದ ಬಗೆ

ಪಂಕಜ್ ಅಡ್ವಾಣಿಯವರು 1985ರ ಜುಲೈ 24ರಂದು ಪುಣೆಯಲ್ಲಿ ಜನಿಸಿದರು. ಬಾಲ್ಯದ ಮೊದಲ ವರ್ಷಗಳು ಕುವೈತ್‌ನಲ್ಲಿ ಕಳೆದವು. ಬಳಿಕ ಕುಟುಂಬವು ಬೆಂಗಳೂರಿಗೆ ಬಂದು ನೆಲೆಸಿತು. ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರನ್ನು ತಾಯಿ ಬೆಳೆಸಿದರು. ಸುಮಾರು ಹತ್ತನೆಯ ವಯಸ್ಸಿನಲ್ಲಿ ಅಣ್ಣ ಶ್ರೀ ಅಡ್ವಾಣಿಯವರ ಹಿಂದೆ ಹೋಗಿ ಸ್ನೂಕರ್ ಮೇಜನ್ನು ಕಂಡರು. ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ಅವರಿಗೆ ಗುರುವಾದರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳು ಅವರ ಅಭ್ಯಾಸಕ್ಕೆ ಒದಗಿದವು. ಅಣ್ಣ ಮುಂದೆ ಕ್ರೀಡಾ ಮನಶ್ಶಾಸ್ತ್ರಜ್ಞರಾಗಿ ತಮ್ಮನ ಮನೋಬಲಕ್ಕೆ ನೆರವಾದರು.

2003ರಲ್ಲಿ, 18ನೆಯ ವಯಸ್ಸಿನಲ್ಲಿ, ಚೀನಾದ ಜಿಯಾಂಗ್ಮೆನ್‌ನಲ್ಲಿ ಅವರು ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಗೆದ್ದರು. ಅರ್ಜುನ ಪ್ರಶಸ್ತಿ, ಖೇಲ್ ರತ್ನ, 2009ರಲ್ಲಿ ಪದ್ಮಶ್ರೀ, 2018ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ಏಷ್ಯನ್ ಕ್ರೀಡಾಕೂಟದಲ್ಲಿ 2006ರ ದೋಹಾ ಮತ್ತು 2010ರ ಗುವಾಂಗ್‌ಜೌ ಎರಡರಲ್ಲೂ ಬಿಲಿಯರ್ಡ್ಸ್ ಚಿನ್ನ ಅವರದಾಯಿತು. ಸಾರ್ವಜನಿಕ ವಲಯದ ಒ.ಎನ್.ಜಿ.ಸಿ. ಸಂಸ್ಥೆಯ ಉದ್ಯೋಗ ಅವರಿಗೆ ಸ್ಥಿರವಾದ ಆದಾಯವನ್ನು ಒದಗಿಸಿತು. ಬಹುಮಾನದ ಹಣ ಒಂದು ವರ್ಷ ಬಂದು ಮರುವರ್ಷ ಬಾರದಿರಬಹುದು. ಅಂತಹ ವೃತ್ತಿಯಲ್ಲಿ ಕೆಳಗೊಂದು ಗಟ್ಟಿ ನೆಲೆಯಿದ್ದುದರ ಮಹತ್ವವನ್ನು ವ್ಯಾಪಾರಿಗಳಿಗೆ ವಿವರಿಸಿ ಹೇಳಬೇಕಾಗಿಲ್ಲ.

ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ?

ಹೊಸದಾಗಿ ಆಟ ಕಲಿಯುವವನ ಕಣ್ಣು ಗುಂಡಿಗೆ ಬೀಳಬೇಕಾದ ಚೆಂಡಿನ ಮೇಲಿರುತ್ತದೆ. ನುರಿತ ಆಟಗಾರನ ಲಕ್ಷ್ಯವಿರುವುದು ತಾನು ಹೊಡೆಯುವ ಬಿಳಿ ಚೆಂಡಿನ ಮೇಲೆ. ಕೆಂಪು ಚೆಂಡು ಗುಂಡಿಗೆ ಬಿದ್ದ ನಂತರ ಬಿಳಿ ಚೆಂಡು ಸೂಕ್ತ ಜಾಗದಲ್ಲಿ ನಿಂತರೆ ಮುಂದಿನ ಅಂಕ ಸುಲಭ. ಮೇಜಿನ ಅಂಚಿಗೆ ಅಂಟಿಕೊಂಡು ನಿಂತರೆ ಬಂದ ಅಂಕವೇ ಕೊನೆಯ ಅಂಕವಾಗಬಹುದು. ಬಿಲಿಯರ್ಡ್ಸ್‌ನಲ್ಲಿ ಒಂದು ಹೊಡೆತಕ್ಕೆ ಸಾಮಾನ್ಯವಾಗಿ ಸಿಗುವುದು ಎರಡು ಅಥವಾ ಮೂರು ಅಂಕ ಮಾತ್ರ. ಅಂತಹ ಸಣ್ಣ ಸಣ್ಣ ಹೊಡೆತಗಳನ್ನು ಮೂರು ಚೆಂಡುಗಳೂ ಚದುರಿಹೋಗದಂತೆ ಸರಪಳಿಯಾಗಿ ಹೆಣೆದಾಗ ನೂರಾರು ಅಂಕಗಳ ಬ್ರೇಕ್ ಸಿದ್ಧವಾಗುತ್ತದೆ.

ಇದನ್ನು ಕಾರ್ಖಾನೆಯ ಲೆಕ್ಕಕ್ಕೆ ಅನ್ವಯಿಸಿ ನೋಡಬಹುದು. ಒಂದು ಸಣ್ಣ ಸಿ.ಎನ್.ಸಿ. ಘಟಕಕ್ಕೆ 20 ಲಕ್ಷ ರೂಪಾಯಿಯ ಆರ್ಡರ್ ಬಂದಿದೆ ಎಂದು ಭಾವಿಸೋಣ. ಲಾಭಾಂಶ ಶೇಕಡ 8, ಅಂದರೆ 1,60,000 ರೂ. ಮಾಲು ತಯಾರಿಸಲು ಒಂದು ತಿಂಗಳು, ಹಣ ಕೈಸೇರಲು ಮತ್ತೆ ಮೂರು ತಿಂಗಳು ಬೇಕು. ತೊಡಗಿಸಬೇಕಾದ 18,40,000 ರೂ. ಆರಂಭದಲ್ಲಿಯೇ ಹೂಡಲಾಯಿತೆಂದೂ ಅದಕ್ಕೆ ಬ್ಯಾಂಕಿನ ಬಡ್ಡಿ ತಿಂಗಳಿಗೆ ಶೇಕಡ 1ರಂತೆ ಎಂದೂ ಇಟ್ಟುಕೊಂಡರೆ, ನಾಲ್ಕು ತಿಂಗಳ ಬಡ್ಡಿ 73,600 ರೂ. ಉಳಿಯುವುದು 86,400 ರೂ.

ಇದರ ಪಕ್ಕದಲ್ಲಿ 5 ಲಕ್ಷ ರೂಪಾಯಿಯ ಇನ್ನೊಂದು ಆರ್ಡರನ್ನು ಇಡೋಣ. ಲಾಭಾಂಶ ಶೇಕಡ 12, ಅಂದರೆ 60,000 ರೂ. ತಯಾರಿಕೆಗೂ ಹಣ ಬರುವುದಕ್ಕೂ ಸೇರಿ ಎರಡು ತಿಂಗಳು ಸಾಕು. 4,40,000 ರೂಪಾಯಿಗೆ ಎರಡು ತಿಂಗಳ ಬಡ್ಡಿ 8,800 ರೂ.; ಉಳಿಯುವುದು 51,200 ರೂ. ಅದೇ ನಾಲ್ಕು ತಿಂಗಳಲ್ಲಿ ಇಂತಹ ಕೆಲಸ ಎರಡು ಬಾರಿ ದೊರೆತರೆ 1,02,400 ರೂ. ದೊಡ್ಡ ಆರ್ಡರಿಗಿಂತ ಹೆಚ್ಚು ಲಾಭ, ಅದೂ ಕಾಲು ಭಾಗಕ್ಕಿಂತ ಕಡಿಮೆ ಬಂಡವಾಳದಲ್ಲಿ. ಉಳಿದ ಬಂಡವಾಳ ಬೇರೆ ಕೆಲಸಕ್ಕೆ ಸಿದ್ಧವಾಗಿರುತ್ತದೆ.

ದೊಡ್ಡ ಆರ್ಡರ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಸಣ್ಣ ಕೆಲಸ ಸತತವಾಗಿ ಸಿಗದಿದ್ದರೆ ಲೆಕ್ಕ ಬದಲಾಗುತ್ತದೆ. ಆದರೆ ಆರ್ಡರಿನ ಮೊತ್ತವನ್ನಷ್ಟೇ ನೋಡಿ ಸಂತೋಷಪಡುವ ಉದ್ಯಮಿಯು ಗುಂಡಿಯನ್ನು ಮಾತ್ರ ನೋಡುವ ಆಟಗಾರನಂತೆ. ಸರಕು ಸೇವಾ ತೆರಿಗೆಯ ಸಂಗತಿಯೂ ಇದರೊಡನೆ ಸೇರಿಕೊಳ್ಳುತ್ತದೆ. ಸರಕು ಪೂರೈಸಿ ಬಿಲ್ಲು ನೀಡಿದ ಮೇಲೆ, ಗಿರಾಕಿಯಿಂದ ಹಣ ಬರಲಿ ಬಾರದಿರಲಿ, ತೆರಿಗೆಯನ್ನು ನಿಗದಿತ ದಿನಾಂಕದೊಳಗೆ ಕಟ್ಟಲೇಬೇಕು. ಆ ಹಣ ಎಲ್ಲಿಂದ ಬರುತ್ತದೆ ಎಂಬುದೂ ಬಿಳಿ ಚೆಂಡಿನ ಲೆಕ್ಕವೇ.

ಹೊಡೆಯದೆ ಬಿಡುವ ವಿವೇಕ

ಸ್ನೂಕರ್‌ನಲ್ಲಿ ‘ಸೇಫ್ಟಿ’ ಎಂಬ ರಕ್ಷಣಾತ್ಮಕ ಹೊಡೆತವಿದೆ. ಅಂಕ ಗಳಿಸುವ ಸಾಧ್ಯತೆ ಕಡಿಮೆ, ತಪ್ಪಿದರೆ ಎದುರಾಳಿಗೆ ಮೇಜು ತೆರೆದುಕೊಳ್ಳುತ್ತದೆ ಎಂದಾಗ ಆಟಗಾರನು ಅಂಕದ ಆಸೆಯನ್ನು ಬಿಟ್ಟು, ಬಿಳಿ ಚೆಂಡನ್ನು ಎದುರಾಳಿಗೆ ಕಷ್ಟವಾಗುವ ಜಾಗದಲ್ಲಿ ನಿಲ್ಲಿಸುತ್ತಾನೆ. ನೋಡುವವರಿಗೆ ಇದು ಅಂಜಿಕೆಯಂತೆ ಕಾಣಬಹುದು. ಆದರೆ ದೊಡ್ಡ ಪಂದ್ಯಗಳು ನಿರ್ಧಾರವಾಗುವುದು ಅನೇಕ ವೇಳೆ ಇಂತಹ ಹೊಡೆತಗಳಿಂದಲೇ.

ಉದ್ದಿಮೆಯಲ್ಲಿ ಇದಕ್ಕೆ ಸಮಾನವಾದುದು ಷರತ್ತನ್ನು ಮೊದಲು ಭದ್ರಪಡಿಸಿಕೊಳ್ಳುವುದು. ಅದು ಸಾಧ್ಯವಾಗದಿದ್ದರೆ ಆರ್ಡರನ್ನು ವಿನಯದಿಂದ ಬಿಡುವುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯು ಈ ವಿಷಯದಲ್ಲಿ ಸೂಕ್ಷ್ಮ ಮತ್ತು ಸಣ್ಣ ಘಟಕಗಳ ಬೆಂಬಲಕ್ಕಿದೆ. ಪಾವತಿಯ ಅವಧಿಯ ಬಗ್ಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಖರೀದಿದಾರನು ಹಣ ನೀಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯನ್ನು ತೆರಬೇಕು. 2023ರ ಹಣಕಾಸು ಕಾಯಿದೆಯ ಮೂಲಕ ಬಂದು 2024ರ ಏಪ್ರಿಲ್ 1ರಿಂದ ಜಾರಿಗೊಂಡ ಆದಾಯ ತೆರಿಗೆ ನಿಯಮದಂತೆ, ಈ ಅವಧಿಯನ್ನು ಮೀರಿದ ಬಾಕಿಯನ್ನು ಖರೀದಿದಾರನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ತೋರಿಸಬಹುದು. ಆದ್ದರಿಂದ ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿಯೊಂದು ಬಿಲ್ಲಿನ ಮೇಲೆಯೂ ಮುದ್ರಿಸುವುದು ಒಳ್ಳೆಯದು. ಸಗಟು ಮತ್ತು ಚಿಲ್ಲರೆ ವರ್ತಕರಿಗೆ 2021ರಲ್ಲಿ ದೊರೆತ ಉದ್ಯಮ್ ನೋಂದಣಿಯ ಅವಕಾಶವು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ. ವಿಳಂಬ ಪಾವತಿಯ ರಕ್ಷಣೆ ಅವರಿಗೆ ಅನ್ವಯಿಸದು. ಅವರು ತಮ್ಮ ಭದ್ರತೆಯನ್ನು ಒಪ್ಪಂದದ ಷರತ್ತುಗಳಲ್ಲಿಯೇ ಕಂಡುಕೊಳ್ಳಬೇಕು.

ಕಾನೂನು ಇದ್ದರೂ ದೊಡ್ಡ ಗಿರಾಕಿಯ ವಿರುದ್ಧ ದೂರು ಕೊಡಲು ಸಣ್ಣ ಘಟಕಗಳು ಹಿಂಜರಿಯುತ್ತವೆ. ಮುಂದಿನ ಆರ್ಡರ್ ಕೈತಪ್ಪುವ ಭಯ ಸಹಜ. ಆದಕಾರಣವೇ ಮಾತುಕತೆಯು ಆರ್ಡರಿಗೆ ಸಹಿ ಬೀಳುವ ಮುನ್ನ ನಡೆಯಬೇಕು. ಕಚ್ಚಾಮಾಲಿಗೆ ಮುಂಗಡ, ಕಂತು ಕಂತಾಗಿ ಸರಬರಾಜು ಮತ್ತು ಪಾವತಿ, ಅಥವಾ ಗಿರಾಕಿಯೇ ಉಕ್ಕನ್ನು ಒದಗಿಸಿ ಜಾಬ್ ವರ್ಕ್ ಮಾತ್ರ ಮಾಡಿಸಿಕೊಳ್ಳುವ ವ್ಯವಸ್ಥೆ: ಇವೆಲ್ಲ ಉದ್ಯಮಿಯ ಸೇಫ್ಟಿ ಹೊಡೆತಗಳು.

ಒಂದೇ ಮೇಜು, ಎರಡು ಅಳತೆಗೋಲು

ವಿಶ್ವ ಬಿಲಿಯರ್ಡ್ಸ್‌ನಲ್ಲಿ ಎರಡು ಮಾದರಿಗಳಿವೆ. ಅಂಕ ಮಾದರಿಯಲ್ಲಿ ನಿಗದಿತ ಅಂಕವನ್ನು ಮೊದಲು ಮುಟ್ಟಿದವನಿಗೆ ಆ ಸುತ್ತು ಸಲ್ಲುತ್ತದೆ. ಸುತ್ತುಗಳು ಚಿಕ್ಕವಾದ್ದರಿಂದ ಆರಂಭದಿಂದಲೇ ಚುರುಕು ಬೇಕು. ಸಮಯ ಮಾದರಿಯಲ್ಲಿ ಗೊತ್ತಾದ ಅವಧಿಯೊಳಗೆ ಹೆಚ್ಚು ಅಂಕ ಗಳಿಸಿದವನು ವಿಜಯಿ. ಅಲ್ಲಿ ತಾಳ್ಮೆ ಮತ್ತು ದೀರ್ಘ ಏಕಾಗ್ರತೆ ಮುಖ್ಯ. 2005ರಲ್ಲಿ ಮಾಲ್ಟಾದಲ್ಲಿ ಅಡ್ವಾಣಿಯವರು ಒಂದೇ ವರ್ಷ ಎರಡೂ ಪ್ರಶಸ್ತಿಗಳನ್ನು ಗೆದ್ದ ಮೊದಲ ಆಟಗಾರರಾದರು. 2008ರಲ್ಲಿ ಬೆಂಗಳೂರಿನಲ್ಲಿಯೇ ಆ ಸಾಧನೆಯನ್ನು ಪುನಃ ಮಾಡಿ ತೋರಿಸಿದರು. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೈಕ್ ರಸೆಲ್‌ರನ್ನು 2030–1253 ಅಂಕಗಳಿಂದ ಸೋಲಿಸಿ ವಿಶ್ವ ವೃತ್ತಿಪರ ಬಿಲಿಯರ್ಡ್ಸ್ ಪ್ರಶಸ್ತಿಯನ್ನೂ ಪಡೆದರು.

ಕಾರ್ಖಾನೆಯಲ್ಲಿ ತುರ್ತಾಗಿ ಮಾಡಿಕೊಡಬೇಕಾದ ಬಿಡಿಭಾಗದ ಕೆಲಸ ಒಂದು ಬಗೆ. ವರ್ಷವಿಡೀ ನಡೆಯುವ ಸರಬರಾಜು ಒಪ್ಪಂದ ಮತ್ತೊಂದು ಬಗೆ. ಯಂತ್ರ ಒಂದೇ, ಕೆಲಸಗಾರನೂ ಒಬ್ಬನೇ. ಆದರೆ ಮೊದಲನೆಯದರಲ್ಲಿ ಬೆಲೆ ಸಿಗುವುದು ವೇಗಕ್ಕೆ, ಎರಡನೆಯದರಲ್ಲಿ ತಪ್ಪಿಲ್ಲದ ನಿರಂತರತೆಗೆ. ತುರ್ತು ಕೆಲಸಕ್ಕೆ ಒಪ್ಪಂದದ ದರವನ್ನು ಹಾಕುವವನು ನಷ್ಟ ಹೊಂದುತ್ತಾನೆ. ಒಪ್ಪಂದದ ಕೆಲಸವನ್ನು ತುರ್ತು ಕೆಲಸದ ಅವಸರದಲ್ಲಿ ಮಾಡುವವನು ಮಾಲು ತಿರಸ್ಕೃತವಾಗುವುದನ್ನು ಕಾಣುತ್ತಾನೆ. ಎರಡನ್ನೂ ಮಾಡಬಹುದು, ಆದರೆ ಎರಡಕ್ಕೂ ಬೇರೆ ಬೇರೆ ಲೆಕ್ಕವಿರಬೇಕು.

ಹಿಂದಿರುಗುವ ನಿರ್ಧಾರ

ಅಡ್ವಾಣಿಯವರ ಜೀವನದಲ್ಲಿ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಘಟ್ಟ 2012ರಿಂದ 2014ರವರೆಗಿನದು. 2012ರಲ್ಲಿ ಅವರು ಬ್ರಿಟನ್ ಕೇಂದ್ರಿತವಾದ ವೃತ್ತಿಪರ ಸ್ನೂಕರ್ ಸರಣಿಯನ್ನು ಪ್ರವೇಶಿಸಿದರು. 2013ರ ವೆಲ್ಷ್ ಓಪನ್‌ನಲ್ಲಿ ಎಂಟರ ಘಟ್ಟವನ್ನು ತಲಪಿ, ಶ್ರೇಯಾಂಕ ಪಂದ್ಯಾವಳಿಯೊಂದರಲ್ಲಿ ಆ ಮಟ್ಟಕ್ಕೇರಿದ ಮೊದಲ ಭಾರತೀಯರೆನಿಸಿದರು. ಹೊರಗಿನವರ ದೃಷ್ಟಿಯಲ್ಲಿ ಅದು ಬಿಡಬಾರದ ಅವಕಾಶ. ಆದರೆ ಆ ಸರಣಿಯಲ್ಲಿ ಉಳಿಯಬೇಕಾದರೆ ವರ್ಷದ ಬಹುಭಾಗ ಮನೆಯಿಂದ ದೂರವಿರಬೇಕು, ಬಿಲಿಯರ್ಡ್ಸ್‌ಗೆ ನೀಡುವ ಸಮಯವನ್ನು ಕಡಿತಗೊಳಿಸಬೇಕು. 2014ರಲ್ಲಿ ಅವರು ಆ ಸ್ಥಾನವನ್ನು ಬಿಟ್ಟು ಭಾರತದಲ್ಲಿದ್ದುಕೊಂಡೇ ಎರಡೂ ಆಟಗಳನ್ನು ಆಡಲು ನಿರ್ಧರಿಸಿದರು.

ಅದೇ 2014ರಲ್ಲಿ ಈಜಿಪ್ಟ್‌ನಲ್ಲಿ ಸಿಕ್ಸ್ ರೆಡ್ ಸ್ನೂಕರ್ ವಿಶ್ವ ಪ್ರಶಸ್ತಿ, ಲೀಡ್ಸ್‌ನಲ್ಲಿ ಬಿಲಿಯರ್ಡ್ಸ್‌ನ ಎರಡೂ ಮಾದರಿಗಳ ವಿಶ್ವ ಪ್ರಶಸ್ತಿ ಅವರಿಗೆ ದೊರೆತವು. 2003ರ ನಂತರ ಮತ್ತೆ 2015ರಲ್ಲಿ, ಅನಂತರ 2017ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನೂ ಗೆದ್ದರು. ಈ ನಿರ್ಧಾರಕ್ಕೆ ಅವರು ಬೆಲೆಯನ್ನೂ ತೆತ್ತರು: ವೃತ್ತಿಪರ ಸ್ನೂಕರ್‌ನ ದೊಡ್ಡ ಬಹುಮಾನ ಮತ್ತು ಪ್ರಸಿದ್ಧಿ ದೂರವಾದವು. ಆದರೆ ತಮ್ಮ ಬಲ ಎಲ್ಲಿದೆಯೋ ಅಲ್ಲಿಗೆ ಸಮಯವನ್ನು ಉಳಿಸಿಕೊಂಡರು.

ಪೀಣ್ಯದ ಘಟಕವೊಂದಕ್ಕೆ ದೂರದ ರಾಜ್ಯದಲ್ಲಿ ಗಿರಾಕಿಯ ಪಕ್ಕದಲ್ಲಿಯೇ ಎರಡನೆಯ ಶಾಖೆಯನ್ನು ತೆರೆಯುವಂತೆ ಆಹ್ವಾನ ಬಂದಾಗ ಇದೇ ಪ್ರಶ್ನೆ ಏಳುತ್ತದೆ. ಅಲ್ಲಿಗೆ ಹೋದರೆ ಇಲ್ಲಿಯ ಟೂಲ್ ರೂಮನ್ನು ನೋಡಿಕೊಳ್ಳುವವರು ಯಾರು? ಇಪ್ಪತ್ತು ವರ್ಷ ಜೊತೆಗಿದ್ದ ಫಿಟ್ಟರ್ ಅಲ್ಲಿಗೆ ಬರುವನೇ? ಒಬ್ಬನೇ ಗಿರಾಕಿಯನ್ನು ನಂಬಿದ ಶಾಖೆಗೆ ಆ ಗಿರಾಕಿ ಕೈಬಿಟ್ಟರೆ ಗತಿಯೇನು? ಬೆಳವಣಿಗೆಯನ್ನು ನಿರಾಕರಿಸಬೇಕೆಂದಲ್ಲ. ಪ್ರಯೋಗವನ್ನು ಎರಡು ವರ್ಷ ಮಾಡಿ, ಲೆಕ್ಕ ಸರಿಬಾರದಿದ್ದರೆ ಮರ್ಯಾದೆಗೆ ಅಂಜದೆ ಹಿಂದಿರುಗುವ ಧೈರ್ಯವೂ ವ್ಯವಹಾರ ಕುಶಲತೆಯ ಭಾಗವೇ.

ಕುರ್ಚಿಯಲ್ಲಿ ಕುಳಿತ ಸಮಯ

ಕ್ಯೂ ಆಟಗಳಿಗೆ ಒಂದು ವಿಶೇಷ ಕಷ್ಟವಿದೆ. ಎದುರಾಳಿಯು ಮೇಜಿನ ಬಳಿ ಇರುವಷ್ಟು ಕಾಲ ಇನ್ನೊಬ್ಬನು ಕುರ್ಚಿಯಲ್ಲಿ ಕುಳಿತು ನೋಡುವುದರ ಹೊರತು ಏನನ್ನೂ ಮಾಡಲಾಗದು. ಆ ಸಮಯದಲ್ಲಿ ಮನಸ್ಸು ಕೆಟ್ಟರೆ, ಸರದಿ ಬಂದಾಗ ಕೈಯೂ ಕೆಡುತ್ತದೆ. ಉದ್ದಿಮೆಗೂ ಇಂತಹ ಕಾಲ ಬರುತ್ತದೆ: ಬೇಡಿಕೆ ಕುಸಿದ ತ್ರೈಮಾಸಿಕ, ಗಿರಾಕಿಯ ಕಾರ್ಖಾನೆ ಮುಚ್ಚಿದ ತಿಂಗಳು. ಯಂತ್ರಗಳ ದುರಸ್ತಿ, ಅಳತೆ ಉಪಕರಣಗಳ ಪರೀಕ್ಷೆ, ಹಳೆಯ ಬಾಕಿಯ ಪಟ್ಟಿ, ಕೆಲಸಗಾರರ ತರಬೇತಿ, ಇವುಗಳನ್ನು ಆ ಅವಧಿಯಲ್ಲಿ ಮುಗಿಸಿಕೊಂಡ ಘಟಕವು ಸರದಿ ಬಂದೊಡನೆ ಸಿದ್ಧವಾಗಿರುತ್ತದೆ.

ಆರ್ಡರ್ ಒಪ್ಪುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಈ ಆರ್ಡರಿಗೆ ತೊಡಗಿಸುವ ಹಣ ಯಾವ ದಿನಾಂಕಕ್ಕೆ ಹಿಂದಿರುಗುತ್ತದೆ?

2. ಅಲ್ಲಿಯವರೆಗಿನ ಬಡ್ಡಿಯನ್ನು ಕಳೆದ ಮೇಲೆ ಲಾಭ ಎಷ್ಟು ಉಳಿಯುತ್ತದೆ?

3. ಸರಕು ಸೇವಾ ತೆರಿಗೆ, ಸಂಬಳ, ವಿದ್ಯುತ್ ಬಿಲ್ಲಿಗೆ ಅಷ್ಟರೊಳಗೆ ಬೇರೆ ಹಣವಿದೆಯೇ?

4. ಈ ಕೆಲಸ ನಡೆಯುವಾಗ ಯಾವ ಹಳೆಯ ಗಿರಾಕಿಗೆ ಇಲ್ಲವೆನ್ನಬೇಕಾಗುತ್ತದೆ?

5. ಗಿರಾಕಿಯು ಹಣ ನೀಡಲು ಎರಡು ತಿಂಗಳು ತಡಮಾಡಿದರೆ ಘಟಕವು ತಡೆದುಕೊಳ್ಳುತ್ತದೆಯೇ?

ಮೊದಲ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಾಗದದ ಮೇಲೆ ಸ್ಪಷ್ಟವಾಗಿದ್ದು, ಐದನೆಯದಕ್ಕೆ ‘ಹೌದು’ ಎನ್ನಲು ಸಾಧ್ಯವಾದರೆ ಆರ್ಡರನ್ನು ಧೈರ್ಯವಾಗಿ ಒಪ್ಪಬಹುದು. ಇಲ್ಲವಾದರೆ ಷರತ್ತುಗಳನ್ನು ಮತ್ತೊಮ್ಮೆ ಮಾತನಾಡುವುದು ಲೇಸು. ಈ ಲೆಕ್ಕಕ್ಕೆ ಹಿಡಿಯುವುದು ಅರ್ಧ ಗಂಟೆ. ಅದನ್ನು ಮಾಡದೆ ಒಪ್ಪಿದ ಒಂದು ದೊಡ್ಡ ಆರ್ಡರಿನಿಂದ ಹಲವು ವರ್ಷಗಳ ದುಡಿಮೆ ಕರಗಿಹೋಗಬಹುದು.