ಅಧಿಕಾರವು ದೊರಕುವದೂ ನಿಲ್ಲುವದೂ ಹೇಗೆ?

ಅಧಿಕಾರವನ್ನು ಸಂಪಾದಿಸುವದು ಒಂದು, ಉಳಿಸಿಕೊಳ್ಳುವದು ಮತ್ತೊಂದು. ಕತ್ತಿಯಿಂದಲೂ ಒಡಂಬಡಿಕೆಯಿಂದಲೂ ಸಿಂಹಾಸನವು ದೊರಕಬಹುದು. ಆದರೆ ಬಡ ರೈತನ ಮೊರೆಯು ಅರಸನ ಕಿವಿಗೆ ಮುಟ್ಟದೆ ಹೋದರೆ ಅದು ಸ್ಥಿರವಾಗಿ ನಿಲ್ಲದು. ಮೈಸೂರು ಸೀಮೆಯ ಚರಿತ್ರೆಯಿಂದ ಇದನ್ನು ಕಲಿತುಕೊಳ್ಳೋಣ.

1. ದೊರಕಿದ ವಿಧ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟೀಪು ಸುಲ್ತಾನನು ಮಡಿದ ಮೇಲೆ ಇಂಗ್ಲಿಷ್ ಕಂಪನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೇರಿಸಿದರು. ಆಗ ಅವರು ಸುಮಾರು ಐದು ವರುಷದ ಬಾಲಕರು. ವರುಷಕ್ಕೆ ಏಳು ಲಕ್ಷ ವರಹಗಳನ್ನು ಕಂಪನಿಗೆ ಸಲ್ಲಿಸಬೇಕೆಂದೂ, ಆ ಹಣವು ತಪ್ಪೀತೆಂಬ ಭಯವುಂಟಾದರೆ ಕಂಪನಿಯು ಆಡಳಿತವನ್ನು ತಾನೇ ವಹಿಸಬಹುದೆಂದೂ ಒಡಂಬಡಿಕೆಯಾಯಿತು. ದಿವಾನ್ ಪೂರ್ಣಯ್ಯನವರು 1811ರ ವರೆಗೆ ರಾಜ್ಯಭಾರವನ್ನು ನಡಿಸಿ, ತುಂಬಿದ ಬೊಕ್ಕಸವನ್ನು ಅರಸರಿಗೆ ಒಪ್ಪಿಸಿದರು.

2. ಕಳೆದುಹೋದ ವಿಧ. ಕಾಲಕ್ರಮದಲ್ಲಿ ಬೊಕ್ಕಸವು ಬರಿದಾಗಲು ಶರ್ತಿನ ಪದ್ಧತಿಯು ಬಲವಾಯಿತು. ಅಂದರೆ, ಇಷ್ಟು ಕಂದಾಯವನ್ನು ತರುವೆನೆಂದು ಅಮಲ್ದಾರನು ಮೊದಲೇ ಒಪ್ಪಿಕೊಳ್ಳುವನು. ಕಡಿಮೆಯಾದರೆ ತಾನೇ ತುಂಬಿಕೊಡಬೇಕು. ಆದದರಿಂದ ಮಳೆ ಬಂದರೂ ಬಾರದಿದ್ದರೂ ಅವನು ರೈತನನ್ನೇ ಹಿಂಡುವನು. ಮೊರೆ ಕೇಳಬೇಕಾದವನೇ ಹಿಂಸಿಸಿದರೆ ರೈತನು ಎಲ್ಲಿಗೆ ಹೋದಾನು? 1830ರಲ್ಲಿ ನಗರ ಸೀಮೆಯ ರೈತರು ಕೂಟಗಳಾಗಿ ಸೇರಿ ಎದುರುನಿಂತರು. ಬೂದಿ ಬಸವಪ್ಪನೆಂಬವನು ನಗರದ ಅರಸುತನವು ತನ್ನದೆಂದು ಹೇಳಿಕೊಂಡು ಎದ್ದನು. ಸೈನ್ಯವು ದಂಗೆಯನ್ನು ಅಡಗಿಸಿತು; ಆದರೆ ಅರಸರ ಅಧಿಕಾರವನ್ನು ಉಳಿಸಲಾರದೆ ಹೋಯಿತು. ದುರಾಡಳಿತವೆಂಬ ಕಾರಣವನ್ನು ತೋರಿಸಿ ಗವರ್ನರ್ ಜನರಲ್ ಬೆಂಟಿಂಕ್ ಅವರು 1831ರಲ್ಲಿ ಅದನ್ನು ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವ ತನಕ ಅರಸರಿಗೆ ಅದು ತಿರಿಗಿ ದೊರಕಲಿಲ್ಲ.

3. ತಿರಿಗಿ ಬಂದ ವಿಧ. 1881ರಲ್ಲಿ ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಒಪ್ಪಿಸಲ್ಪಟ್ಟಿತು. ಅದೇ ವರುಷ ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಕಾನೂನು ಮಾಡುವ ಅಧಿಕಾರವು ಆ ಸಭೆಗೆ ಇರಲಿಲ್ಲ. ಆದರೂ ಸೀಮೆಯ ಕಷ್ಟವನ್ನು ದಿವಾನರ ಎದುರಿನಲ್ಲಿ ಹೇಳುವದಕ್ಕೆ ದಾರಿಯಾಯಿತು.

ಈಗ ನಮ್ಮನ್ನು ಆಳುವವರು ಅರಸರಲ್ಲ. ನಾವೇ ಮತ ಕೊಟ್ಟು ಕಳುಹಿಸಿದವರು. ಆದರೂ ಪಾಠವು ಅದೇ. ಅಧಿಕಾರದಲ್ಲಿರುವವರೇ, ಜನರು ಸುಮ್ಮಗಿದ್ದಾರೆಂದು ನಿಶ್ಚಿಂತರಾಗಬೇಡಿರಿ. ಮೊರೆಯಿಡುವ ದಾರಿ ಮುಚ್ಚಿರುವದರಿಂದಲೂ ಜನರು ಸುಮ್ಮಗಿದ್ದಾರು. ಪ್ರಜೆಗಳೇ, ಜಗಲಿಯ ಮೇಲೆ ಕೂತು ಗೊಣಗುವದರಿಂದ ಫಲವಿಲ್ಲ. ಗ್ರಾಮಸಭೆ ಕೂಡುವಾಗ ಹೋಗಿ, ನಿಮ್ಮ ಕಷ್ಟವನ್ನು ಮಾತ್ರವಲ್ಲ, ಬಾಯಿಲ್ಲದ ನೆರೆಯವನ ಕಷ್ಟವನ್ನೂ ಸತ್ಯವಾಗಿಯೂ ಅಂಜದೆಯೂ ಹೇಳಿರಿ.

ಆಲೋಚನೆಗೆ: ಶರ್ತಿನ ಪದ್ಧತಿಯು ಅಮಲ್ದಾರನನ್ನು ಹೇಗೆ ಕೆಡಿಸಿತು? ನಮ್ಮ ಊರಿನಲ್ಲಿ ಯಾರ ಮೊರೆಯು ಇನ್ನೂ ಯಾರ ಕಿವಿಗೂ ಮುಟ್ಟಲಿಲ್ಲ?